ಎಳೆ ಹೋದರೆ ಕೂಗಬೇಕು

ದೊಡ್ಡಲಕ್ಷ್ಮಮ್ಮನಿಗೆ ಕೋಪ ಬಂದಿದೆ ಎಂದು ಮೊದಲು ಸಾರುತ್ತಿದ್ದುದು ಅವಳ ಸೆರಗು. ಅದನ್ನು ಬರ್ರನೆ ಎಳೆದು ಸೊಂಟಕ್ಕೆ ಸಿಕ್ಕಿಸಿದಳೆಂದರೆ ಎದುರಿಗಿರುವವರು ಗಂಡ ಕೆಂಪರಾಜುವಾಗಲಿ, ಸಾತನೂರು ಬಸ್ಸಿನ ಕಂಡಕ್ಟರಾಗಲಿ, ಒಂದು ಹೆಜ್ಜೆ ಹಿಂದಕ್ಕೆ ಸರಿಯುವುದು ಕ್ಷೇಮ. ರಾಮನಗರದ ಆಚೆ, ಹೆದ್ದಾರಿಯ ಪಕ್ಕ ಎದ್ದು ನಿಂತ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಅವಳು ನಾಲ್ಕನೇ ಲೈನಿನ ಸೂಪರ್‌ವೈಸರ್. ಹೊಲಿಗೆಯ ಮಿಷನ್ನಿನಿಂದ ಎದ್ದು ಆ ಹುದ್ದೆಗೆ ಹೋದ ಮೊದಲನೆಯ ಹೆಂಗಸು ಅವಳೇ. ಬಾಯಿ ಜೋರು ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಆಡಿಕೊಳ್ಳಲಿ. ಬಾಯಿ ಸತ್ತವರ ನಡುವೆ ಒಬ್ಬಳ ಬಾಯಾದರೂ ಜೋರಾಗಿದ್ದರೆ ಯಾರ ಗಂಟೇನೂ ಹೋಗುವುದಿಲ್ಲ.

ಫ್ಯಾಕ್ಟರಿ ಬರುವುದಕ್ಕೆ ಮುಂಚೆ ಅವಳು ಜಬ್ಬಾರ್ ಸಾಬರ ರೇಷ್ಮೆ ಘಟಕದಲ್ಲಿದ್ದಳು. ಬೇಯುವ ಗೂಡಿನ ನಾತ ಮೂಗಿಗೆ ಹಿಡಿದು ಊಟದ ಹೊತ್ತಿಗೂ ಬಿಡುತ್ತಿರಲಿಲ್ಲ. ಬಿಸಿನೀರಲ್ಲಿ ಕೈಯಿಟ್ಟು ಕೈಯಿಟ್ಟು ಬೆರಳ ತುದಿಯ ಚರ್ಮ ಬಿಳುಚಿಕೊಂಡು ಸುಲಿಯುತ್ತಿತ್ತು. ಅವಳು ಬಾಣಲೆಯ ಮುಂದೆ ಕೂತು ಗೂಡಿನಿಂದ ಎಳೆ ತೆಗೆದು ಕೊಡುವವಳು. ಆ ಎಳೆಯನ್ನು ಸುತ್ತಿಕೊಳ್ಳುವ ಚರಕ ತಿರುಗಿಸುವವಳು ಮುನ್ನೀ. ಇಬ್ಬರ ನಡುವೆ ಕಣ್ಣಿಗೆ ಕಾಣುವುದಕ್ಕೂ ಕಷ್ಟವಾದಷ್ಟು ಸಣ್ಣ ಎಳೆ. ಅದು ಕಿತ್ತುಹೋದರೆ ಬಾಣಲೆಯ ಹೆಂಗಸು ಆ ಕ್ಷಣವೇ "ಎಳೆ ಹೋಯ್ತು!" ಎಂದು ಕೂಗಬೇಕು. ಚರಕದವಳು ಕೈ ನಿಲ್ಲಿಸಬೇಕು. ತುದಿ ಹುಡುಕಿ, ಬೆರಳಲ್ಲಿ ಹೊಸೆದು, ಚಿಟಿಕೆ ಹೊಡೆಯುವಷ್ಟರಲ್ಲಿ ಗಂಟು ಹಾಕಿ ಮತ್ತೆ ತಿರುಗಿಸಬೇಕು. ಆ ಘಟಕದಲ್ಲಿ ಬೆಳಗಿನಿಂದ ಸಂಜೆಯ ತನಕ ಈ ಕೂಗು ಏಳುತ್ತಲೇ ಇರುತ್ತಿತ್ತು, ಯಾರ ಕೈಯಲ್ಲಿ ಕಿತ್ತುಹೋಯಿತು ಎಂದು ಯಾರೂ ತಿರುಗಿ ನೋಡುತ್ತಿರಲಿಲ್ಲ.

ಜಬ್ಬಾರ್ ಸಾಬರೇನು ದೇವರಂಥ ಮನುಷ್ಯರಲ್ಲ. ಜಿಪುಣರು, ಹಬ್ಬಕ್ಕೆ ರಜ ಕೇಳಿದರೆ ಮುಖ ಗಂಟು ಹಾಕುವವರು. ಆದರೆ ಎಳೆ ಹೋಯಿತೆಂದು ಕೂಗಿದ್ದಕ್ಕೆ ಒಂದು ದಿನವೂ ಯಾರನ್ನೂ ಬೈದವರಲ್ಲ. ಕೂಗದೆ ಮುಚ್ಚಿಟ್ಟವರಿಗೆ ಮಾತ್ರ ಅವರ ಬಾಯಿಂದ ಬೀಳುತ್ತಿದ್ದ ಮಾತು ಕೇಳಿದರೆ ಕಿವಿ ತೊಳೆದುಕೊಳ್ಳಬೇಕಿತ್ತು. "ಕಿತ್ತೋದ್ರೆ ಅದು ರೇಷ್ಮೆ ತಪ್ಪು. ಹೇಳ್ದೆ ಇದ್ರೆ ಅದು ನಿನ್ ತಪ್ಪು" ಎನ್ನುತ್ತಿದ್ದರು. ಆಮೇಲೆ ಚೀನಾದ ರೇಷ್ಮೆ ಬಂತು, ಇಲ್ಲಿನ ನೂಲನ್ನು ಕೇಳುವವರಿಲ್ಲದಾಯಿತು, ಸಾಬರು ಚರಕಗಳನ್ನು ಗುಜರಿಗೆ ಹಾಕಿ ಮನೆ ಸೇರಿದರು. ಅದೇ ಹೊತ್ತಿಗೆ ಹೆದ್ದಾರಿಯುದ್ದಕ್ಕೂ ಶೀಟಿನ ಚಾವಣಿಯ ಫ್ಯಾಕ್ಟರಿಗಳು ಎದ್ದವು. ವಿರೂಪಾಕ್ಷಿಪುರದಿಂದ, ಸಾತನೂರಿನಿಂದ, ಪೇಟೆಯ ಸಾಬರ ಬೀದಿಗಳಿಂದ ಹೆಂಗಸರು ಡಬ್ಬಿ ಹಿಡಿದು ಹೊರಟರು. ದೊಡ್ಡಲಕ್ಷ್ಮಮ್ಮನೂ ಹೊರಟಳು, ಮುನ್ನೀಯೂ ಅವಳ ಹಿಂದೆಯೇ ಬಂದಳು.

ಫ್ಯಾಕ್ಟರಿಯ ಗೋಡೆಯ ಮೇಲೆ "ನಾವೆಲ್ಲ ಒಂದೇ ಕುಟುಂಬ" ಎಂದು ಆಳೆತ್ತರದ ಅಕ್ಷರದಲ್ಲಿ ಬರೆಸಿದ್ದರು. ಅದರ ಪಕ್ಕದಲ್ಲೇ ಒಂದು ಮೊಳೆ. ಯಾರ ಹೊಲಿಗೆಯಲ್ಲಿ ತಪ್ಪು ಸಿಕ್ಕಿತೋ ಆ ಬಟ್ಟೆಯನ್ನು ಎಲ್ಲರಿಗೂ ಕಾಣುವಂತೆ ಮೊದಲು ಆ ಮೊಳೆಗೆ ತೂಗುಹಾಕಿ, ಆಮೇಲೆ ತೆಗೆದು ಹೊಲಿದವಳ ಕೊರಳಿಗೇ ಹಾಕಿ, ಊಟದ ಗಂಟೆಯ ತನಕ ಅವಳನ್ನು ಮಿಷನ್ನಿನ ಪಕ್ಕ ನಿಲ್ಲಿಸುವುದು ಪ್ರೊಡಕ್ಷನ್ ಮ್ಯಾನೇಜರ್ ನಟರಾಜು ತಂದ ಪದ್ಧತಿ. ಗುಡೇಮಾರನಹಳ್ಳಿಯವನು, ರಾಗಿ ಹೊಲದಲ್ಲಿ ಕಳೆ ಕಿತ್ತೇ ಬೆಳೆದವನು. ನಾಲ್ಕು ಮಕ್ಕಳ ತಾಯಂದಿರನ್ನು ಶಾಲೆಯ ಹುಡುಗಿಯರಂತೆ ನಿಲ್ಲಿಸುವ ಬುದ್ಧಿ ಅವನಿಗೆ ಎಲ್ಲಿಂದ ಬಂತೋ! ಅವನಿಗೂ ಮೇಲಿನವರ ಭಯವಿತ್ತು ಎಂದು ಹೇಳುವವರಿದ್ದರು. ಇದ್ದಿರಬಹುದು. ತನ್ನ ಭಯವನ್ನು ಕೆಳಗಿನವರ ಕೊರಳಿಗೆ ಹಾಕುವವನ ಮೇಲೆ ಕನಿಕರ ತೋರಿಸುವಷ್ಟು ದೊಡ್ಡ ಮನಸ್ಸು ಈ ಕತೆಗಿಲ್ಲ.

ವರ್ಷಕ್ಕೊಮ್ಮೆ ಬೆಂಗಳೂರಿನಿಂದ ಯಾರೋ ಒಬ್ಬ ಟೈ ಕಟ್ಟಿಕೊಂಡು ಬಂದು ಹೆಂಗಸರ ಕೈಗೆಲ್ಲ ಬಲೂನು ಕೊಟ್ಟು ಊದಿಸುತ್ತಿದ್ದ. ಒಬ್ಬರ ಬಲೂನನ್ನು ಇನ್ನೊಬ್ಬರು ಕೆಳಗೆ ಬೀಳಲು ಬಿಡಬಾರದಂತೆ, ಅದೇ ಟೀಮ್ ವರ್ಕ್ ಅಂತೆ. ಬಲೂನು ಊದಿದ ಮಾರನೆಯ ದಿನ ಮೊಳೆಯ ಮೇಲೆ ಮತ್ತೆ ಬಟ್ಟೆ ತೂಗುತ್ತಿತ್ತು. ದೊಡ್ಡಲಕ್ಷ್ಮಮ್ಮ ತನ್ನ ಪಾಲಿನ ಬಲೂನನ್ನು ಅಲ್ಲೇ ಸೂಜಿಯಿಂದ ಚುಚ್ಚಿದ್ದಳು. ಟೈ ಕಟ್ಟಿದವನು ನಕ್ಕು ಚಪ್ಪಾಳೆ ತಟ್ಟಿದ, ಅವನಿಗೆ ಅದೂ ಆಟವೆಂದೇ ಅನ್ನಿಸಿರಬೇಕು.

ಈ ನಡುವೆ ಮುನ್ನೀಯ ಮಿಷನ್ನಿನಲ್ಲಿ ದಾರ ಕಿತ್ತುಹೋಗಲು ಶುರುವಾಯಿತು. ಹೊಲಿಗೆಯ ನಡುವೆ ದಾರ ಕಿತ್ತುಹೋದರೆ ಆ ಹೊಲಿಗೆಯನ್ನು ಪೂರ್ತಿ ಬಿಚ್ಚಿ ಮೊದಲಿನಿಂದ ಹೊಲಿಯಬೇಕೆಂಬುದು ನಿಯಮ. ಬಿಚ್ಚಿದರೆ ಹೊತ್ತಾಗುತ್ತದೆ, ಹೊತ್ತಾದರೆ ಪೀಸು ಕಡಿಮೆ, ಪೀಸು ಕಡಿಮೆಯಾದರೆ ನಟರಾಜು ಬಂದು ನಿಲ್ಲುತ್ತಾನೆ. ಅವನು ಬಂದು ನಿಂತ ಗಾಬರಿಗೆ ಮುನ್ನೀ ಸೊಟ್ಟ ಹೊಲಿದಳು. ಮಕ್ಕಳ ಗುಲಾಬಿ ಫ್ರಾಕೊಂದು ಅವಳ ಕೊರಳಿಗೆ ಬಿತ್ತು. ಮಗಳ ಮದುವೆ ಮಾಡಿ ಮೊಮ್ಮಗನನ್ನು ಎತ್ತಿದ್ದ ಹೆಂಗಸು ಅಷ್ಟು ಜನರ ಮುಂದೆ ಫ್ರಾಕು ತೂಗುಹಾಕಿಕೊಂಡು, ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು.

ಅವತ್ತು ದೊಡ್ಡಲಕ್ಷ್ಮಮ್ಮನ ಸೆರಗು ಸೊಂಟಕ್ಕೇರಿತು. ನಟರಾಜುವಿನ ಮುಂದೆ ಹೋಗಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಆ ಹುದ್ದೆ ಸಿಕ್ಕಿ ಇನ್ನೂ ವರ್ಷ ತುಂಬಿರಲಿಲ್ಲ, ಮಗಳು ರಮ್ಯಾ ಕಾಲೇಜಿನಲ್ಲಿ "ನಮ್ಮಮ್ಮ ಸೂಪರ್‌ವೈಸರ್" ಎಂದು ಹೇಳಿಕೊಂಡು ಓಡಾಡುತ್ತಿದ್ದಳು. ಅದಕ್ಕೆ ಅವಳು ಕೋಪವನ್ನು ಬೇರೆ ದಾರಿಗೆ ತಿರುಗಿಸಿದಳು. ಊಟದ ಹೊತ್ತಿನಲ್ಲಿ ತನ್ನ ಲೈನಿನವರನ್ನೆಲ್ಲ ಹತ್ತಿರ ಕರೆದಳು.

"ಕೇಳ್ರಮ್ಮಿ. ಇನ್ಮೇಲೆ ದಾರ ಕಿತ್ತೋದ್ರೆ ಬಿಚ್ಚೋಕ್ ಹೋಗ್ಬೇಡಿ. ಬಾಣಲೆ ಮುಂದೆ ಗಂಟಾಕ್ತಿರ್ನಿಲ್ವಾ, ಅದೇ ಗಂಟಾಕ್ಬುಟ್ಟು ಮುಂದುಕ್ಕೆ ಒಲ್ಕೊಂಡ್ ಹೋಗಿ. ಯಾರ್ಗೂ ಏಳ್ಬೇಡಿ, ಸುಮ್ನಿರಿ. ಆ ನನ್ಮಗ ಇನ್ನೊಬ್ಬಳ ಕೊರಳ್ಗೆ ಬಟ್ಟೆ ಆಕೋದ ನಾನು ನೋಡ್ಬಾರ್ದು."

ಲೈನಿನಲ್ಲಿ ಅರ್ಧಕ್ಕರ್ಧ ಹೆಂಗಸರು ಚರಕದಿಂದ ಬಂದವರು. ಆ ಗಂಟು ಅವರ ಬೆರಳಿಗೆ ಉಸಿರಾಡಿದಷ್ಟೇ ಸಲೀಸು. ಬರದವರಿಗೆ ಬರುವವರು ಕಲಿಸಿಕೊಟ್ಟರು. ತಪಾಸಣೆಯ ಮೇಜಿನವರ ಕಣ್ಣಿಗೆ ಅಷ್ಟು ಸಣ್ಣ ಗಂಟು ಬೀಳಲೇ ಇಲ್ಲ. ನಾಲ್ಕನೇ ಲೈನಿನಿಂದ ಮೊಳೆಗೆ ಬಟ್ಟೆ ಹೋಗುವುದು ನಿಂತಿತು, ಪೀಸು ಏರಿತು, ನಟರಾಜು ಬಂದು ದೊಡ್ಡಲಕ್ಷ್ಮಮ್ಮನ ಲೈನನ್ನು ಎಲ್ಲರೆದುರು ಹೊಗಳಿದ. ಅವಳಿಗೆ ಒಳಗೊಳಗೇ ನಗು. ಅವನ ಕಣ್ಣಿಗೆ ಮಣ್ಣೆರಚಿದೆ ಎಂದುಕೊಂಡಳು.

ಮಳೆಗಾಲ ಮುಗಿಯುವ ಹೊತ್ತಿಗೆ ಹಡಗಿನಲ್ಲಿ ವಿದೇಶಕ್ಕೆ ಹೋಗಿದ್ದ ಫ್ರಾಕುಗಳು ಹಡಗಿನಲ್ಲೇ ವಾಪಸ್ಸು ಬಂದವು. ಒಂದು ಸಲ ಒಗೆದರೆ ಕಂಕುಳ ಹೊಲಿಗೆ ಬಾಯಿ ಬಿಡುತ್ತದೆ ಎಂಬ ದೂರು. ಪೆಟ್ಟಿಗೆಯ ಮೇಲೆ ನಾಲ್ಕನೇ ಲೈನಿನ ಗುರುತಿತ್ತು.

ದೊಡ್ಡಲಕ್ಷ್ಮಮ್ಮ ಒಂದು ಫ್ರಾಕನ್ನು ಒಳಗು ಹೊರಗು ಮಾಡಿ ನೋಡಿದಳು. ಗಂಟು ಜಾರಿತ್ತು. ರೇಷ್ಮೆಗೆ ಗೂಡಿನ ಅಂಟು ಇರುತ್ತದೆ, ಗಂಟು ಹಾಕಿದರೆ ಕಚ್ಚಿಕೊಳ್ಳುತ್ತದೆ. ಈ ಫ್ಯಾಕ್ಟರಿ ದಾರಕ್ಕೆ ಎಲ್ಲಿಯ ಅಂಟು? ಸೋಪಿನ ನೀರು ಬಿದ್ದ ಕೂಡಲೇ ಕೈಬಿಟ್ಟಿತ್ತು. ಇಷ್ಟು ವರ್ಷ ದಾರದ ಜೊತೆಯಲ್ಲೇ ಬದುಕಿದ ತನಗೆ ಇದು ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ಮೈ ಉರಿಯಿತು. ಆದರೆ ಅದಕ್ಕಿಂತ ಹೆಚ್ಚು ಉರಿಸಿದ ವಿಷಯ ಬೇರೆ. ಒಂದು ಫ್ರಾಕಿನಲ್ಲಿ ಒಂದು ಗಂಟಿರಬಹುದು ಎಂದುಕೊಂಡಿದ್ದಳು. ಇದರಲ್ಲಿ ಹುಡುಕಿದಲ್ಲೆಲ್ಲ ಗಂಟು.

ಮುನ್ನೀಯನ್ನು ಕೈಹಿಡಿದು ಮೂಲೆಗೆ ಕರೆದುಕೊಂಡು ಹೋದಳು.

"ಏನಮ್ಮಿ ಇದು? ದಾರ ಇಷ್ಟೊಂದ್ ಸಲ ಕಿತ್ತೋಯ್ತಿತ್ತಾ?"

"ಕೇಳ್ಬೇಡ ದೊಡ್ಡಕ್ಕಾ. ಮುಟ್ಟುದ್ರೆ ಕಿತ್ತೋಯ್ತೈತೆ. ನನ್ ಕೈಯೇ ಸರಿಯಿಲ್ಲ ಅನ್ಕಂಡಿದ್ದೆ, ಇವತ್ತು ಕೇಳುದ್ರೆ ಎಲ್ಲಾರ್ದೂ ಅಂಗೇಯಂತೆ."

"ಎಲ್ಲಾರ್ದೂವಾ? ಅಂಗಾದ್ರೆ ದಾರವೇ ಕೆಟ್ಟದ್ದು ಬಂದೈತೆ! ನಂಗ್ಯಾಕ್ ಏಳ್ನಿಲ್ಲ ನೀವು? ಬಾಯಿಗ್ ಏನಾಗಿತ್ತು?"

ಮುನ್ನೀ ಬೆರಗಾಗಿ ನೋಡಿದಳು. "ಸುಮ್ನಿರಿ ಅಂದೋಳು ನೀನೇ ಅಲ್ವೇನಕ್ಕಾ."

ಕೆನ್ನೆಗೆ ಬಾರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಮುನ್ನೀಯ ದನಿಯಲ್ಲಿ ದೂರಿರಲಿಲ್ಲ, ಹೇಳಿದಂತೆ ಕೇಳಿದೆನಲ್ಲ ಎಂಬ ವಿಧೇಯತೆ ಮಾತ್ರ ಇತ್ತು. ದೊಡ್ಡಲಕ್ಷ್ಮಮ್ಮನಿಗೆ ಜಬ್ಬಾರ್ ಸಾಬರ ಘಟಕ ನೆನಪಾಯಿತು. ಆ ನಾತದ ನಡುವೆಯೂ ಅಲ್ಲಿ ಒಂದು ಎಳೆ ಕಿತ್ತುಹೋದರೆ ಇಡೀ ಘಟಕಕ್ಕೆ ಕೇಳಿಸುತ್ತಿತ್ತು. ಗೂಡಿನ ಒಂದೇ ರಾಶಿಯಲ್ಲಿ ನಾಲ್ಕು ಸಲ ಕೂಗೆದ್ದರೆ ಸಾಬರು ಎದ್ದು ಬಂದು ಆ ರಾಶಿಯನ್ನೇ ಬದಲಿಸುತ್ತಿದ್ದರು. ಇಲ್ಲಿ ಅಷ್ಟು ಜನ ಒಬ್ಬರ ಪಕ್ಕ ಒಬ್ಬರು ಕೂತು, ಒಂದೇ ಕಷ್ಟವನ್ನು ತಿಂಗಳುಗಟ್ಟಲೆ ಮುಚ್ಚಿಟ್ಟುಕೊಂಡು ಹೊಲಿದಿದ್ದರು. ಪ್ರತಿಯೊಬ್ಬಳೂ ತನ್ನ ಕೈಯೇ ಕೆಟ್ಟದ್ದು ಎಂದುಕೊಂಡಿದ್ದಳು. ಇವರನ್ನು ಕಾಪಾಡಿದೆನೆಂದು ಬೀಗುತ್ತಿದ್ದ ತಾನೂ ನಟರಾಜುವಿನ ಕೆಲಸವನ್ನೇ ಮಾಡಿದ್ದೆ, ಅವನು ಹೆದರಿಸಿ ಬಾಯಿ ಮುಚ್ಚಿಸಿದರೆ ತಾನು ಪ್ರೀತಿಯಿಂದ ಮುಚ್ಚಿಸಿದೆ ಎಂದು ಅವಳಿಗೆ ಅನ್ನಿಸಿತು. ಯಾರ ಮೇಲೆ ಕೂಗಾಡುವುದೆಂದು ತಿಳಿಯದೆ, ದಾರದ ಉಂಡೆ ನೋಡಿಯೇ ಬರುತ್ತೇನೆಂದು ಸ್ಟೋರಿಗೆ ದುಡುದುಡು ನಡೆದಳು.

ಅವಳು ಅತ್ತ ಹೋಗುವುದನ್ನೇ ಕಾಯುತ್ತಿದ್ದವನಂತೆ ನಟರಾಜು ನಾಲ್ಕನೇ ಲೈನಿಗೆ ಬಂದ. ಕೈಯಲ್ಲಿ ವಾಪಸ್ಸು ಬಂದ ಫ್ರಾಕು, ಮುಖದ ಮೇಲೆ ಎಂದೂ ಕಾಣದ ನಗು.

"ಏನ್ರಮ್ಮಾ, ಈ ಗಂಟು ಎಷ್ಟು ಚೆನ್ನಾಗಿದೆ ನೋಡಿ! ನಮ್ಮ ಮೆಕ್ಯಾನಿಕ್‌ಗೂ ಬರಲ್ವಂತೆ. ನಿಮ್ಮಲ್ಲಿ ಯಾರಿಗೆ ಬರುತ್ತೆ? ಒಂದ್ಸಲ ಹಾಕಿ ತೋರಿಸಿ, ನಾನೂ ಕಲೀತೀನಿ."

ಮುನ್ನೀ ಮುಗ್ಧೆ. ಈ ಫ್ಯಾಕ್ಟರಿಯಲ್ಲಿ ಅವಳ ಕೈಕೆಲಸವನ್ನು ಯಾರೂ ಹೊಗಳಿದ್ದಿಲ್ಲ. "ನಂಗ್ ಬತ್ತೈತೆ ಸಾರ್" ಎಂದು ಎದ್ದು ನಿಂತಳು. ದಾರ ಕಿತ್ತು, ಎರಡು ತುದಿಗಳನ್ನು ಬೆರಳಲ್ಲಿ ಹೊಸೆದು, ಎಲ್ಲರೂ ನೋಡುತ್ತಿದ್ದಂತೆ ಗಂಟು ಹಾಕಿ ಎತ್ತಿ ತೋರಿಸಿದಳು. ನಟರಾಜುವಿನ ನಗು ಹಾಗೇ ಆರಿಹೋಯಿತು. ಫ್ರಾಕನ್ನು ಅವಳ ಕೊರಳಿಗೆ ಹಾಕಿದ.

"ಸಿಕ್ಕಿದ್ಲು ಕಳ್ಳಿ. ನಾಳೆಯಿಂದ ನೀನು ಬರಬೇಡ. ಇಡೀ ಫ್ಯಾಕ್ಟರಿ ಮರ್ಯಾದೆ ತೆಗೆದುಬಿಟ್ಟೆ."

ಇಂಥ ಹೇಡಿತನಕ್ಕೆ ಜಾಣತನವೆಂದು ಹೆಸರಿಟ್ಟುಕೊಂಡು ಮೆರೆಯುವವರನ್ನು ಏನೆನ್ನಬೇಕು? ಕೇಳಿದಾಗ ನಿಜ ಹೇಳಿದ ಒಬ್ಬಳೇ ಒಬ್ಬಳಿಗೆ ಕೆಲಸ ಹೋಯಿತು. ಬಾಯಿ ಬಿಡದೆ ಕೂತಿದ್ದವರಿಗೆಲ್ಲ ಮುಂದಿನ ಜನ್ಮಕ್ಕೂ ಮರೆಯದಂಥ ಪಾಠವಾಯಿತು.

ದೊಡ್ಡಲಕ್ಷ್ಮಮ್ಮ ಸ್ಟೋರಿನಿಂದ ದಾರದ ಉಂಡೆ ಹಿಡಿದು ಬಂದಾಗ ಕಂಡದ್ದು ಇದು. ಮುನ್ನೀ ಈ ಸಲ ಅಳುತ್ತಿರಲಿಲ್ಲ, ಬರಿದೇ ನಿಂತಿದ್ದಳು. ನಟರಾಜು ಅಡ್ಡ ಬಂದು ದನಿ ತಗ್ಗಿಸಿದ.

"ನಿಮ್ಮ ಹೆಸರು ನಾನು ಎತ್ತಿಲ್ಲ, ದೊಡ್ಡಲಕ್ಷ್ಮಮ್ಮ. ಮೇಲಿನವರಿಗೆ ಒಬ್ಬರನ್ನು ತೋರಿಸಬೇಕು. ಇವಳು ಹೋದರೆ ಇಲ್ಲಿಗೆ ಮುಗೀತು. ನೀವು ಸುಮ್ಮನಿರಿ."

ಸುಮ್ಮನಿರಿ. ಅದೇ ಮಾತು, ಅವಳದೇ ಮಾತು, ಈಗ ಅವನ ಬಾಯಿಂದ ಬಂತು. ಸುಮ್ಮನಿದ್ದರೆ ಹುದ್ದೆ ಉಳಿಯುತ್ತದೆ. ಬಾಯಿ ಬಿಟ್ಟರೆ ಮುನ್ನೀಯ ಜೊತೆ ತಾನೂ ಡಬ್ಬಿ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆಯಬೇಕು. ರಮ್ಯಾಳ ಮುಖ ಕಣ್ಣೆದುರು ಬಂತು. ಬಾಣಲೆಯ ಹೊಗೆಯಲ್ಲಿ ಚರಕ ಹಿಡಿದು ಕೂತ ಮುನ್ನೀಯ ಮುಖವೂ ಬಂತು. ಅಷ್ಟು ವರ್ಷ ಇವಳ ಒಂದು ಕೂಗಿಗೆ ಕೈ ನಿಲ್ಲಿಸಿ ಕಾದವಳು ಅವಳು.

ಸೆರಗು ಸೊಂಟಕ್ಕೇರಿತು. ಅವಳು ಎದೆ ತುಂಬ ಉಸಿರೆಳೆದುಕೊಂಡು, ಫ್ಯಾಕ್ಟರಿಯ ಶೀಟು ಅದುರುವಂತೆ ಕೂಗಿದಳು.

"ಎಳೆ ಹೋಯ್ತೂ!"

ನಾಲ್ಕನೇ ಲೈನಿನ ಮಿಷನ್‌ಗಳು ನಿಂತವು. ಆಮೇಲೆ ಮೂರನೆಯದು, ಐದನೆಯದು. ಯಾರೂ ಯೋಚಿಸಿ ನಿಲ್ಲಿಸಿದ್ದಲ್ಲ. ಚರಕ ತಿರುಗಿಸಿ ಬಂದ ಹೆಂಗಸರ ಕೈಕಾಲು ಆ ಕೂಗಿಗೆ ತಾವೇ ನಿಂತಿದ್ದವು. ಚರಕ ಕಾಣದವರು ಇವರನ್ನು ನೋಡಿ ನಿಲ್ಲಿಸಿದರು. ಅಷ್ಟು ದೊಡ್ಡ ಶೆಡ್ಡಿನಲ್ಲಿ ಫ್ಯಾನು ತಿರುಗುವ ಸದ್ದಷ್ಟೇ ಉಳಿಯಿತು.

ಅವಳು ಮುನ್ನೀಯ ಕೊರಳಿನ ಫ್ರಾಕನ್ನು ತೆಗೆದು ತನ್ನ ಕೊರಳಿಗೆ ಹಾಕಿಕೊಂಡಳು. ಕೈಯಲ್ಲಿದ್ದ ಉಂಡೆಯಿಂದ ದಾರ ಎಳೆದು ನಟರಾಜುವಿನ ಮುಖದೆದುರು ಹಿಡಿದು ಜಗ್ಗಿದಳು. ಪಟ್ಟನೆ ಕಿತ್ತುಹೋಯಿತು.

"ನೋಡಿ ಸಾರ್. ಇಂಥ ದಾರದಲ್ಲಿ ಒಲಿದವ್ರೆ ಇವ್ರು. ನಿಮ್ಗೆ ಗೊತ್ತಿರ್ನಿಲ್ಲ. ನಂಗೂ ಗೊತ್ತಿರ್ನಿಲ್ಲ. ಗಂಟಾಕಿ ಮುಚ್ಬುಡಿ ಅಂತ ಏಳ್ಕೊಟ್ಟೋಳು ನಾನು, ಈ ಮುನ್ನೀ ಅಲ್ಲ. ಯಾಕ್ ಏಳ್ಕೊಟ್ಟೆ? ನಿಮ್ ಆ ಮೊಳೆಗೆ ಎದ್ರಿ! ಬಟ್ಟೆ ಆಕೋದಾದ್ರೆ ಮೊದ್ಲು ನನ್ ಕೊರಳ್ಗ್ ಆಕಿ, ಆಮ್ಯಾಕೆ ನಿಮ್ ಕೊರಳ್ಗ್ ಆಕ್ಕಳಿ. ನಾವಿಬ್ರೂ ನಿಂತ್ಕೊಳಾವ ಊಟದ್ ಗಂಟೆ ಗಂಟ. ಆಗ್ಲಾದ್ರೂ ಗೊತ್ತಾಯ್ತದೇನೋ."

ನಟರಾಜು ದಾರವನ್ನು ತಾನೇ ಒಂದು ಸಲ ಎಳೆದು ನೋಡಿದ. ಕಿತ್ತುಹೋಯಿತು. ಇನ್ನೊಂದು ಸಲ ಎಳೆದ. ಅವನ ಬಾಯಿಂದ ಬಂದ ಮೊದಲ ಮಾತು, "ಈ ದಾರ ತರಿಸಿದ್ದು ನಾನಲ್ಲ." ಅವನನ್ನು ಅಳೆಯುವುದಕ್ಕೆ ಇನ್ನು ಬೇರೆ ಮಾತು ಬೇಕಿಲ್ಲ. ಆಮೇಲೆ ಮಿಷನ್ ಆನ್ ಮಾಡಿ ಎಂದು ಅರಚಿದ. ಯಾರೂ ಮುಟ್ಟಲಿಲ್ಲ. ಹೊರಗೆ ಲಾರಿ ನಿಂತಿತ್ತು, ಸಂಜೆಯೊಳಗೆ ಇನ್ನೊಂದು ಲೋಡು ಹೋಗಬೇಕಿತ್ತು. ಅವನು ಹೆಂಗಸರನ್ನು ನೋಡಿದ, ಗಡಿಯಾರ ನೋಡಿದ, ಕೊನೆಗೆ "ಅವಳು ಇರಲಿ, ಹೋಗಿ ಕೆಲಸ ನೋಡಿ" ಎಂದು ಮುಖ ತಿರುಗಿಸಿದ.

ಅವನೇನೂ ಒಂದೇ ದಿನಕ್ಕೆ ಒಳ್ಳೆಯವನಾಗಿಬಿಡಲಿಲ್ಲ. ಅಶಿಸ್ತಿನ ಕಾರಣ ಕೊಟ್ಟು ದೊಡ್ಡಲಕ್ಷ್ಮಮ್ಮನನ್ನು ಹುದ್ದೆಯಿಂದ ಇಳಿಸಿ ಮತ್ತೆ ಮಿಷನ್ನಿಗೆ ಕೂರಿಸಿದ. ಅವಳ ಜಾಗಕ್ಕೆ ಮುನ್ನೀಯನ್ನೇ ತಂದು ನಿಲ್ಲಿಸಿದ. ಗೆಳತಿಯರಿಬ್ಬರೂ ಕಿತ್ತಾಡಿಕೊಂಡು ಸಾಯಲಿ ಎಂಬ ಲೆಕ್ಕಾಚಾರ ಅದು. ದಾರ ಮಾತ್ರ ಬದಲಾಯಿತು. ಮೊಳೆಯ ಮೇಲೆ ಮತ್ತೆ ಬಟ್ಟೆ ತೂಗಲಿಲ್ಲ, ಯಾಕೆಂದು ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ರಮ್ಯಾ ಎರಡು ದಿನ ಅಮ್ಮನ ಮೇಲೆ ಮುನಿಸಿಕೊಂಡು ಊಟ ಬಿಟ್ಟಳು. "ಮುನಿಸ್ಕೊ. ನನ್ ಕ್ವಾಪ ನಿಂಗೂ ಒಸಿ ಬಂದೈತೆ, ಒಳ್ಳೇದಾಯ್ತು" ಎಂದು ದೊಡ್ಡಲಕ್ಷ್ಮಮ್ಮ ಮುದ್ದೆ ಬಡಿಸಿ ಎದ್ದಳು.

ಮುನ್ನೀ ಸೂಪರ್‌ವೈಸರಾದ ಮೇಲೆ ನಾಲ್ಕನೇ ಲೈನಿಗೆ ಒಂದೇ ನಿಯಮ ತಂದಳು. ದಾರ ಕಿತ್ತುಹೋದರೆ ಕೂಗಬೇಕು. ಕೂಗಿದರೆ ಅವಳು ಬರುತ್ತಿದ್ದಳು, ಸೂಜಿ ನೋಡುತ್ತಿದ್ದಳು, ದಾರ ನೋಡುತ್ತಿದ್ದಳು, ಹೊಲಿದವಳ ಮುಖವನ್ನು ನೋಡುತ್ತಲೇ ಇರಲಿಲ್ಲ. ಮೊದಮೊದಲು ಪೀಸು ಇಳಿಯಿತು, ನಟರಾಜು ಬಂದು ಹಲ್ಲು ಕಡಿದ. ಮುನ್ನೀ ಕೈಕಟ್ಟಿ ನಿಂತು ಕೇಳಿಸಿಕೊಂಡು, ಅವನು ಹೋದ ಮೇಲೆ ಅದರಲ್ಲಿ ಒಂದು ಮಾತನ್ನೂ ಲೈನಿಗೆ ದಾಟಿಸಲಿಲ್ಲ. ದೊಡ್ಡಲಕ್ಷ್ಮಮ್ಮ ಮಿಷನ್ನಿನ ಹಿಂದಿನಿಂದ ಇದನ್ನೆಲ್ಲ ನೋಡುತ್ತಿದ್ದಳು. ತಾನು ಆ ಕುರ್ಚಿಯಲ್ಲಿದ್ದಾಗ ಇದನ್ನು ಮಾಡಲಿಲ್ಲವಲ್ಲ ಎಂಬ ಸಿಟ್ಟಿಗೆ ಪೆಡಲನ್ನು ಬೇಕಾದ್ದಕ್ಕಿಂತ ಜೋರಾಗಿ ತುಳಿಯುತ್ತಿದ್ದಳು.

ಹಾಗೆ ತುಳಿದ ಒಂದು ಮಧ್ಯಾಹ್ನ ಅವಳ ದಾರವೇ ಕಿತ್ತುಹೋಯಿತು. ನಟರಾಜು ಪಕ್ಕದ ಲೈನಿನಲ್ಲೇ ನಿಂತಿದ್ದ. ಅವಳ ಕೈ ನಿಲ್ಲಲಿಲ್ಲ. ಬೆರಳು ತಾವಾಗಿ ತುದಿ ಹುಡುಕಿದವು, ಹೊಸೆದವು, ಗಂಟು ಹಾಕಿದವು. ಫ್ರಾಕಿನ ಅಂಚು ಸೂಜಿಯ ಕೆಳಗೆ ಒಂದು ಗೇಣು ಮುಂದಕ್ಕೆ ಹೋಯಿತು. ಇಡೀ ಫ್ಯಾಕ್ಟರಿ ನಿಲ್ಲುವಂತೆ ಕೂಗಿದ್ದ ಹೆಂಗಸು ಅವನ ಬೆನ್ನು ಕಂಡಿದ್ದಕ್ಕೇ ಬಾಯಿ ಮುಚ್ಚಿಕೊಂಡಿದ್ದಳು. ಭಯ ಎಷ್ಟು ಒಳಗೆ ಬೇರು ಬಿಟ್ಟಿದೆ ಎಂದು ತಿಳಿದು ಅವಳಿಗೆ ತನ್ನ ಮೇಲೇ ಎಲ್ಲಿಲ್ಲದ ರೋಷ ಬಂತು. ಪೆಡಲಿನಿಂದ ಕಾಲು ತೆಗೆದಳು.

"ಎಳೆ ಹೋಯ್ತು!"

ಮುನ್ನೀ ಬಂದಳು. ಬಗ್ಗಿ ಸೂಜಿ ನೋಡಿದಳು, ದಾರ ಜಗ್ಗಿ ನೋಡಿದಳು. ಬಟ್ಟೆಯನ್ನು ಮಗುಚಿ, ಗಂಟಿನ ಮೇಲೆ ಬೆರಳಿಟ್ಟಳು. ಎಷ್ಟು ಹೊತ್ತು ತಡವಾಗಿ ಕೂಗಿದ್ದಾಳೆ ಎಂಬುದು ಅಲ್ಲೇ ಕಾಣುತ್ತಿತ್ತು. ದೊಡ್ಡಲಕ್ಷ್ಮಮ್ಮ ಬೈಗುಳಕ್ಕೆ ಕಾದಳು, ಬೈಯಲಿ ಎಂದೇ ಕಾದಳು.

"ದಾರ ಸರಿಯಾಗೈತೆ, ಸೂಜಿ ಮೊಂಡಾಗೈತೆ. ಬ್ಯಾರೆ ಕೊಡ್ತೀನಿ ಇರು" ಎಂದಳು ಮುನ್ನೀ. ಹೊಸ ಸೂಜಿಯ ಜೊತೆ ಹೊಲಿಗೆ ಬಿಚ್ಚುವ ಪುಟ್ಟ ಕತ್ತರಿಯನ್ನೂ ತಂದು ಅವಳ ಮುಂದಿಟ್ಟಳು. "ಮೊದ್ಲಿಂದ ಬಿಚ್ಚಕ್ಕಾ. ನಿಧಾನವಾಗ್ ಬಿಚ್ಚು, ನಾನು ಇಲ್ಲೇ ನಿಂತಿರ್ತೀನಿ."